ಅಪ್‌ಡೇಟ್: ಮಗಳ ಕಳೆಯುವ ಲೆಕ್ಕ ಕೊನೆಗೂ ದಾರಿಗೆ ಬಂತು

ಎರಡನೇ ಕ್ಲಾಸಿನ ಮಗಳು 52ರಲ್ಲಿ 27 ಕಳೆದು 35 ಅಂತ ಬರೆಯುತ್ತಾಳೆ, ಹೋಮ್‌ವರ್ಕ್ ಅಂದರೆ ಸಾಕು ಅಳು ಶುರು, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೈ ಹಿಡಿದಿದ್ದು ಕಡ್ಡಿ ಕಟ್ಟುವ ಐಡಿಯಾ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು ಮಾಡಿದೆ, ಪಕ್ಕದಲ್ಲಿ ಎರಡು ಬಿಡಿ ಕಡ್ಡಿ ಇಟ್ಟೆ. "ಇದರಲ್ಲಿ ಇಪ್ಪತ್ತೇಳು ಕೊಡು" ಅಂದೆ. ಎರಡು ಕಟ್ಟು ಕೊಟ್ಟಳು. ಏಳು ಬಿಡಿ ಎಲ್ಲಿಂದ ತರೋದು? ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ತಾನೇ ಒಂದು ಕಟ್ಟು ಬಿಚ್ಚಿದಳು. "ಈಗ ಹನ್ನೆರಡಾಯ್ತು!" ಅಂದಳು. ನಾನು ಬಾಯಿ ಬಿಡಲೇ ಇಲ್ಲ.

ದಿನಾ ಇನ್ನೊಂದು ಪುಟ ಜಾಸ್ತಿ ಮಾಡಿಸಿ ಅಂದಿದ್ದರಲ್ಲ, ಅದು ಆಗಲಿಲ್ಲ. ಅದೇ ತಪ್ಪನ್ನು ಇನ್ನೂ ಅಂದವಾಗಿ ಬರೆದಳು, ಅಷ್ಟೇ. ಟೈಮರ್ ಇಟ್ಟಾಗಂತೂ ಅಳು ಜಾಸ್ತಿಯಾಯ್ತು.

"ಹೇಗೆ ಮಾಡಿದೆ ಅಂತ ಅವಳನ್ನೇ ಕೇಳಿ" ಅಂತ ಒಬ್ಬರು ಹೇಳಿದ್ದರು. ಕೇಳಿದೆ. "ದೊಡ್ಡದರಿಂದ ಚಿಕ್ಕದನ್ನು ತಾನೇ ಕಳೀಬೇಕು? ಏಳರಲ್ಲಿ ಎರಡು ಹೋದರೆ ಐದು" ಅಂದಳು! ಸುಮ್ನೆ ಏನೋ ಗೀಚುತ್ತಿರಲಿಲ್ಲ, ಅವಳದೇ ಒಂದು ನಿಯಮ ಇತ್ತು. ಈ ತಪ್ಪು ಎಷ್ಟೋ ಮಕ್ಕಳು ಮಾಡುತ್ತಾರಂತೆ, ಟೀಚರ್ ಹೇಳಿದರು.

ಈಗ ಕಡ್ಡಿ ಬದಲು ಪುಸ್ತಕದ ಅಂಚಲ್ಲಿ ಗೆರೆ ಎಳೆದುಕೊಳ್ಳುತ್ತಾಳೆ. ಸೊನ್ನೆ ಬಂದರೆ ಮಾತ್ರ ಇನ್ನೂ ಎಡವಟ್ಟು: 40ರಲ್ಲಿ 16 ಕಳೆದರೆ ಒಮ್ಮೊಮ್ಮೆ 36 ಬರುತ್ತದೆ. ಆಗ ಮತ್ತೆ ಕಡ್ಡಿ ಡಬ್ಬ ಹೊರಗೆ ಬರುತ್ತದೆ.