ಮಗಳನ್ನು ‘ಡುಮ್ಮಿ’ ಅಂತಾರೆ, ಊಟ ಕಡಿಮೆ ಮಾಡಲಾ? ಆಹಾರ ತಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮಂಡ್ಯದ ಒಬ್ಬ ತಾಯಿ): ಮೇಡಂ, ಮಗಳಿಗೆ ಒಂಬತ್ತು ವರ್ಷ. ಕಳೆದ ವಾರ ಶಾಲೆಯಲ್ಲಿ ತೂಕ ನೋಡಿ ಎಲ್ಲರ ಎದುರಿಗೇ ಜೋರಾಗಿ ಓದಿದ್ದಾರೆ, 41 ಕೆಜಿ ಅಂತ. ಅವತ್ತಿನಿಂದ ಮಕ್ಕಳು ಡುಮ್ಮಿ ಅಂತ ಕರೆಯುತ್ತಾರಂತೆ. ಊಟದ ಡಬ್ಬಿ ಹಾಗೇ ವಾಪಸ್ ಬರುತ್ತೆ. ಸಂಜೆ ಅಡುಗೆಮನೆ ಬಾಗಿಲ ಹಿಂದೆ ನಿಂತು ಬಿಸ್ಕತ್ ತಿನ್ನುತ್ತಾಳೆ. ಅತ್ತೆ ರಾತ್ರಿ ಮುದ್ದೆ ನಿಲ್ಲಿಸು ಅಂತಾರೆ. ಅವಳ ತಮ್ಮ ಸಣಕಲ, ಅದಕ್ಕೆ ಅವನಿಗೆ ಮಾತ್ರ ಟಿವಿಯಲ್ಲಿ ತೋರಿಸುವ ಪುಡಿ ಹಾಲಿಗೆ ಹಾಕಿ ಕೊಡ್ತೀನಿ. ಏನು ಮಾಡಲಿ?

ಉತ್ತರ: ಮೊದಲು, ಮುದ್ದೆ ನಿಲ್ಲಿಸಬೇಡಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅವಳದು ಮೂಳೆ ಬೆಳೆಯುವ ವಯಸ್ಸು. ಮುದ್ದೆ, ಸೊಪ್ಪಿನ ಸಾರು, ಒಂದು ಮೊಟ್ಟೆ ಇದ್ದರೆ ಅದು ಒಳ್ಳೆ ಊಟ.

ಬಿಸ್ಕತ್ ವಿಷಯ ನೋಡಿ. ನಾಲ್ಕು ಜನರ ಎದುರು ತಿನ್ನಲು ನಾಚಿಕೆಪಟ್ಟು ಮಧ್ಯಾಹ್ನ ಉಪವಾಸ ಇದ್ದ ಮಗು ಸಂಜೆ ಹೊತ್ತಿಗೆ ಹಸಿದು ಕಂಗಾಲಾಗಿರುತ್ತೆ. ಅದನ್ನು ಹೊಟ್ಟೆಬಾಕತನ ಅನ್ನಬೇಡಿ. ಬಾಗಿಲ ಹಿಂದೆ ನಿಂತು ತಿನ್ನುವುದನ್ನು ಅವಳಿಗೆ ಕಲಿಸಿದ್ದು ನಾವು ದೊಡ್ಡವರು.

‘ಡುಮ್ಮಿ’ ಅಂತ ಕರೆದರೆ ನಾಚಿಕೆಯಿಂದಲಾದರೂ ಸಣ್ಣ ಆಗ್ತಾಳೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದು ಉಲ್ಟಾ. ಅಮೆರಿಕದಲ್ಲಿ 2,379 ಹುಡುಗಿಯರನ್ನು ಹತ್ತನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹತ್ತು ವರ್ಷದವಳಿದ್ದಾಗ ಅಪ್ಪ, ಅಮ್ಮ, ಒಡಹುಟ್ಟಿದವರು, ಗೆಳೆಯರು, ಟೀಚರ್, ಇವರಲ್ಲಿ ಯಾರಾದರೂ ‘ನೀನು ತುಂಬಾ ದಪ್ಪ’ ಅಂದಿದ್ದರೆ, ಆ ಹುಡುಗಿಯರಿಗೆ ಹತ್ತೊಂಬತ್ತಕ್ಕೆ ಬೊಜ್ಜು ಇರುವ ಸಾಧ್ಯತೆ ಜಾಸ್ತಿ ಇತ್ತು. ಹತ್ತನೇ ವಯಸ್ಸಿನಲ್ಲಿ ಅವರ ತೂಕ ಎಷ್ಟಿತ್ತು ಅನ್ನುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅದೇ ಉತ್ತರ ಬಂತು.

ಬರೀ 41 ಕೆಜಿ ಅಂದರೆ ನಾನು ಏನೂ ಹೇಳಲು ಬರಲ್ಲ, ಎತ್ತರವೂ ಬೇಕು. ಮಕ್ಕಳ ಡಾಕ್ಟರ್ ಹತ್ತಿರ ಬೆಳವಣಿಗೆ ಚಾರ್ಟ್ ಹಾಕಿಸಿ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವಳೊಬ್ಬಳನ್ನೇ ಬೇಡ.

ಇನ್ನು ಆ ಪುಡಿ. ಮೈಸೂರಿನ ನನ್ನ ಕೊಠಡಿಗೆ ಒಬ್ಬ ತಾಯಿ ಅಂಥದ್ದೊಂದು ಡಬ್ಬಿ ತಂದಿದ್ದರು. ಮುಂದುಗಡೆ ದೊಡ್ಡ ಅಕ್ಷರದಲ್ಲಿ ಎತ್ತರ, ಶಕ್ತಿ, ಬುದ್ಧಿ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘100 ಗ್ರಾಂಗೆ ಸೇರಿಸಿದ ಸಕ್ಕರೆ 32 ಗ್ರಾಂ’. ಅಂದರೆ ಮೂರರಲ್ಲಿ ಒಂದು ಪಾಲು ಸಕ್ಕರೆ! ಅದರ ಮೇಲೆ ಅವರು ಎರಡು ಚಮಚ ಸಕ್ಕರೆ ಬೇರೆ ಹಾಕುತ್ತಿದ್ದರು. ನಮ್ಮ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಅನ್ನುವ ವರ್ಗವೇ ಇಲ್ಲ. ಅದಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥವನ್ನು ಆ ಹೆಸರಿನಡಿ ಇಡಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಇಬ್ಬರಿಗೂ ಬರೀ ಹಾಲು ಕೊಡಿ, ಒಂದೇ ಥರದ ಲೋಟದಲ್ಲಿ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಹಾಕಬಹುದಾ? ನಮ್ಮದೇ ಆಲೆಮನೆ ಇದೆ.

ಉತ್ತರ: ರುಚಿಗೆ ಸ್ವಲ್ಪ ಹಾಕಿ. ಆದರೆ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ.

ಪ್ರಶ್ನೆ (ಮೈಸೂರಿನ ಒಬ್ಬ ತಂದೆ): ಹಾಗಂತ ಸುಮ್ನೆ ಇದ್ದುಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ ಬರಲ್ವಾ? ಮನೇಲಿ ಶಿಸ್ತು ಬೇಡ್ವಾ?

ಉತ್ತರ: ಸುಮ್ನೆ ಇರಿ ಅಂತ ನಾನು ಹೇಳಲಿಲ್ಲ ಸರ್. ಮಗುವಿನ ಮೈ ಬಗ್ಗೆ ಮಾತು ಬೇಡ, ಮನೆಗೆ ಏನು ತರ್ತೀವಿ ಅನ್ನುವುದರ ಬಗ್ಗೆ ಮಾತಾಡೋಣ. ಶಿಸ್ತು ಅಂದರೆ ಮನೆಯವರಿಗೆಲ್ಲ ಒಂದೇ ನಿಯಮ. ಅಪ್ಪ ಚಿಪ್ಸ್ ತಿನ್ನುತ್ತಾ ಮಗಳಿಗೆ ಸೌತೆಕಾಯಿ ಕೊಟ್ಟರೆ ಅದು ಶಿಕ್ಷೆ ಆಗುತ್ತೆ.

ಮತ್ತೆ, ಮಗುವಿನ ಮನಸ್ಸು ಗಟ್ಟಿ ಇದ್ದರೆ ಸಾಕು ಅನ್ನುವುದು ಅನ್ಯಾಯದ ಮಾತು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಏಳರಿಂದ ಹನ್ನೊಂದು ವರ್ಷದ 118 ಮಕ್ಕಳಿಗೆ ಕಾರ್ಟೂನ್ ತೋರಿಸಿ, ಪಕ್ಕದಲ್ಲಿ ಕುರುಕಲು ಇಟ್ಟರು. ಕೆಲವರಿಗೆ ಮಧ್ಯೆ ತಿಂಡಿ ಜಾಹೀರಾತು, ಉಳಿದವರಿಗೆ ಬೇರೆ ಜಾಹೀರಾತು. ತಿಂಡಿ ಜಾಹೀರಾತು ನೋಡಿದ ಮಕ್ಕಳು ಶೇ. 45ರಷ್ಟು ಜಾಸ್ತಿ ತಿಂದರು, ಅದೂ ಜಾಹೀರಾತಿನಲ್ಲಿ ಇಲ್ಲದ ಕುರುಕಲನ್ನು! ಇಷ್ಟು ಬಲ ಇರುವ ವ್ಯಾಪಾರದ ಎದುರು ಒಂಬತ್ತು ವರ್ಷದ ಕೂಸನ್ನು ಒಂಟಿಯಾಗಿ ನಿಲ್ಲಿಸಿ, ತಪ್ಪು ನಿನ್ನದೇ ಅನ್ನುವುದು ಸರಿನಾ? ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ಪೊಟ್ಟಣದ ಮೇಲೆ ಎಂಟು ಮೂಲೆಯ ಕಪ್ಪು ಗುರುತು ಹಾಕಲೇಬೇಕು, ಅದರ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಹಾಕುವಂತಿಲ್ಲ. ನಮಗೂ ಅಂಥದ್ದೇ ಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೀನಿ.

ಪ್ರಶ್ನೆ (ಮದ್ದೂರು ಕಡೆಯ ಟೀಚರ್): ನಮ್ಮ ಶಾಲೆ ಗೇಟಿನ ಎದುರಲ್ಲೇ ಅಂಗಡಿ. ಚಿಪ್ಸ್ ಸರ ಮಕ್ಕಳ ತಲೆಗೆ ತಾಗುವ ಹಾಗೆ ನೇತಾಡುತ್ತಿರುತ್ತೆ. ಏನಾದರೂ ನಿಯಮ ಇದೆಯಾ?

ಉತ್ತರ: ಇದೆ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಸಂಸ್ಥೆ) 2020ರಲ್ಲಿ ಮಾಡಿದ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಅವರದೂ ಹೊಟ್ಟೆಪಾಡು. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಸಮಿತಿ) ಸಭೆಗೆ ಕರೆಸಿ ಮಾತಾಡಿ. ಕಡಲೆಕಾಯಿ, ಬಾಳೆಹಣ್ಣು, ಸೀಬೆಹಣ್ಣು ಮುಂದಕ್ಕೆ ಬರಲಿ. ಹಾಗೇ ಒಂದು ಕೋರಿಕೆ: ತೂಕ ನೋಡುವಾಗ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯಿರಿ, ಅಂಕಿಯನ್ನು ಬಾಯಲ್ಲಿ ಹೇಳದೆ ಬರೆದುಕೊಳ್ಳಿ.

ಮಂಡ್ಯದ ತಾಯಿ: ಮೇಡಂ, ನಿನ್ನೆ ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಮುದ್ದೆ, ಬಸ್ಸಾರು ಉಂಡೆವು. ಅವಳು ಇನ್ನೊಂದು ಅರ್ಧ ಮುದ್ದೆ ಕೇಳಿದಳು. ಅತ್ತೆ ಏನೂ ಅನ್ನಲಿಲ್ಲ, ಅವರೇ ಬಡಿಸಿದರು.