ಗುಂಪು: ಕಲಬುರಗಿ ಮನೆ ಮಂದಿ

ಶಿಕಾಗೋ ಅಕ್ಕ: ಈ ಲೇಖನ ಎಲ್ಲರೂ ಓದಿ. ದೊಡ್ಡ ಕಾಲೇಜಿನಲ್ಲಿ ಡಿಗ್ರಿ ಮಾಡಿ ಸಣ್ಣ ಲಾ ಸ್ಕೂಲಿಗೆ ಸೇರಿದರೆ ಮೊದಲಿನದೂ ನೀರಲ್ಲಿ ಹೋಮ ಮಾಡಿದ ಹಾಗೆ ಅಂತ ಬರೆದಿದ್ದಾರೆ. ನಮ್ಮ ಪುಟ್ಟಿಗೇ ಬರೆದ ಹಾಗಿದೆ.

ಅಣ್ಣ: ನಾನು ತಿಂಗಳಿಂದ ಇದನ್ನೇ ಬಡಕೊಳ್ಳುತ್ತಿದ್ದೇನೆ. ದಿಲ್ಲಿಯ ದೊಡ್ಡ ಕಾಲೇಜು ಸೇಂಟ್ ಸ್ಟೀಫನ್ಸ್‌ನಲ್ಲಿ ಬಿ.ಎ. ಮಾಡಿ ಬಂದ ಹುಡುಗಿ ಈಗ ಕಲಬುರಗಿಯಲ್ಲೇ ಎಲ್‌ಎಲ್‌ಬಿ ಸೇರುತ್ತೇನೆ ಅನ್ನುತ್ತಾಳೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ, ಬೇಡವಂತೆ!

ವಕೀಲ ಕಾಕಾ: ಅದು ಅಮೆರಿಕದ ಲೇಖನ. ಅಲ್ಲಿಯ ಮಳೆಗೆ ಇಲ್ಲಿ ಕೊಡೆ ಹಿಡಿಯುತ್ತೀರೇನು?

ಶಿಕಾಗೋ ಅಕ್ಕ: ಹಾಗಲ್ಲ ಕಾಕಾ. ಇಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳಲ್ಲಿ ಎಂಟು ಜನ ಹಾರ್ವರ್ಡ್ ಇಲ್ಲವೇ ಯೇಲ್‌ನಲ್ಲಿ ಕಾನೂನು ಓದಿದವರು. ದೊಡ್ಡ ವಕೀಲಿ ಫರ್ಮುಗಳಲ್ಲಿ ಮೊದಲ ವರ್ಷದ ಸಂಬಳವೇ 2,25,000 ಡಾಲರ್. ಆ ಬಾಗಿಲು ತೆರೆಯೋದು ಲಾ ಸ್ಕೂಲಿನ ಹೆಸರು ನೋಡಿ.

ವಕೀಲ ಕಾಕಾ: ಒಂಬತ್ತನೆಯವರು ನಾಟರ್ ಡೇಮ್‌ನವರು. ಬೈಡನ್ ಸಿರಾಕ್ಯೂಸ್‌ನಲ್ಲಿ ಓದಿ ಅಧ್ಯಕ್ಷರಾದರು. ಅದಿರಲಿ. ಈಗ ನನ್ನ ಮೇಜಿನ ಮೇಲೆ ಒಂದು ಫೈಲ್ ಇದೆ. ಅಫಜಲಪುರ ಕಡೆಯ ಹೊಲ, ಅಣ್ಣತಮ್ಮಂದಿರ ಪಾಲಿನ ದಾವೆ. 1956ರ ತನಕ ನಾವು ಹೈದರಾಬಾದ್ ರಾಜ್ಯದವರಲ್ಲವೇ? ಮೂಲ ಕಾಗದ ನಿಜಾಮರ ಕಾಲದ್ದು, ಪೂರ್ತಿ ಉರ್ದು. ಅಂಚು ಹುಳ ತಿಂದಿದೆ. ಮಡಚಿ ಮಡಚಿ ಸರ್ವೆ ನಂಬರಿನ ಮೇಲೆಯೇ ಹರಿದಿದೆ. ಇದನ್ನು ಓದುವುದು ಯಾವ ದೊಡ್ಡ ಕಾಲೇಜಿನಲ್ಲಿ ಕಲಿಸುತ್ತಾರೆ? ಕಕ್ಷಿದಾರ ನನ್ನ ಕಾಲೇಜು ಯಾವುದು ಅಂತ ಒಮ್ಮೆಯೂ ಕೇಳಿಲ್ಲ. ಮುಂದಿನ ತಾರೀಖು ಯಾವಾಗ ಅಂತ ಮಾತ್ರ ಕೇಳುತ್ತಾನೆ.

ಬೆಂಗಳೂರು ತಮ್ಮ: ಕಾಕಾ, ಅದು ಕೋರ್ಟಿನ ಮಾತು. ಫರ್ಮಿನ ಕಥೆ ಬೇರೆ. ನಾನು ಸಣ್ಣ ಕಾಲೇಜಿನವನು. ಒಂದೇ ಫರ್ಮಿಗೆ ಹನ್ನೊಂದು ಈಮೇಲ್ ಹಾಕಿದೆ. ಒಂದಕ್ಕೆ ಉತ್ತರ ಬಂತು, "ನಿಮ್ಮ ಕಾಲೇಜಿನಿಂದ ನಾವು ತಗೊಳ್ಳುವುದಿಲ್ಲ" ಅಂತ. ಅದೇ ನ್ಯಾಷನಲ್ ಲಾ ಸ್ಕೂಲಿನವರಿಗಾದರೆ ಫರ್ಮಿನವರೇ ಕ್ಯಾಂಪಸ್ಸಿಗೆ ಬಂದು ಕೂರುತ್ತಾರೆ. ಆ ಹೊಟ್ಟೆಯುರಿ ನನಗೆ ಇನ್ನೂ ಹೋಗಿಲ್ಲ.

ಬೀದರ್ ಅತ್ತಿ: ಇಷ್ಟೆಲ್ಲ ಯಾಕೆ? ಸುಮ್ನೆ ಜಡ್ಜ್ ಪರೀಕ್ಷೆ ಬರೆಯಲಿ.

ವಕೀಲ ಕಾಕಾ: ಸುಮ್ನೆ ಆಗೋದಿಲ್ಲ ಅಕ್ಕಾ. ಮೊದಲು ಮೂರು ವರ್ಷ ವಕೀಲಿಕೆ ಮಾಡಿರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿದೆ. ಆ ಮೂರು ವರ್ಷ ಎಲ್ಲಿ ಕೂರುತ್ತಾಳೆ, ಯಾವ ಸೀನಿಯರ್ ಹತ್ತಿರ ಕಲಿಯುತ್ತಾಳೆ, ಅದು ಮುಖ್ಯ. ಮೊದಲಾದರೆ ಹೈಕೋರ್ಟಿಗೆ ಬೆಂಗಳೂರಿಗೇ ಓಡಬೇಕಿತ್ತು. 2008ರಲ್ಲಿ ಇಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಈಗ ಊರಲ್ಲೇ ಕೆಲಸ ಉಂಟು.

ಅಣ್ಣ: ಹೆಸರಿಗೆ ಬೆಲೆಯೇ ಇಲ್ಲ ಅಂತೀರಾ ಹಾಗಾದರೆ?

ನಾನು: ಬೆಲೆ ಇದೆ ಅಣ್ಣ, ಆದರೆ ಒಂದು ದೊಡ್ಡ ಹೆಸರು ಅವಳ ಹತ್ತಿರ ಆಗಲೇ ಇದೆ. ಎರಡನೆಯದಕ್ಕೆ ಸಾಲ ಮಾಡಬೇಕಾ ಅನ್ನೋದು ಪ್ರಶ್ನೆ. ಫರ್ಮಿಗೆ ಹೋಗೋದಾದರೆ ಮಾಡಿ, ತಮ್ಮನ ಹನ್ನೊಂದು ಈಮೇಲ್ ಅವಳಿಗೆ ಬೇಡ. ಕಾಕಾನ ಹಾಗೆ ಇಲ್ಲೇ ಕೋರ್ಟಿಗೆ ಹೋಗೋದಾದರೆ ಅಷ್ಟು ಫೀಸು ದಂಡ ಅನಿಸುತ್ತದೆ. ಇನ್ನೊಂದು, ನ್ಯಾಷನಲ್ ಲಾ ಸ್ಕೂಲಿಗೆ ಹೆಸರು ತಂದದ್ದು ಐದು ವರ್ಷದ ಕೋರ್ಸು. ಈ ಮೂರು ವರ್ಷದ ಎಲ್‌ಎಲ್‌ಬಿ ಅಲ್ಲಿ ಶುರುವಾದದ್ದೇ 2022ರಲ್ಲಿ. ದಿಲ್ಲಿ ವಿಶ್ವವಿದ್ಯಾಲಯದ ಲಾ ಫ್ಯಾಕಲ್ಟಿ 1924ರದ್ದು, ಫೀಸೂ ಎಷ್ಟೋ ಕಡಿಮೆ. ಅದನ್ನು ಯಾರೂ ಎತ್ತಲೇ ಇಲ್ಲ. ಪುಟ್ಟಿಯನ್ನೂ ಯಾರೂ ಕೇಳಲಿಲ್ಲ. ಗುಂಪಿನಲ್ಲೇ ಇದ್ದಾಳೆ, ಎಲ್ಲಾ ಓದುತ್ತಿದ್ದಾಳೆ.

ಶಿಕಾಗೋ ಅಕ್ಕ: ನಾಳೆ ಕಾನೂನಿನ ಮುಂದಿನ ಡಿಗ್ರಿ ಎಲ್‌ಎಲ್‌ಎಂಗೆ ಇಲ್ಲಿಗೆ ಬರ್ತೀನಿ ಅಂದರೆ ಆಗ ಹೆಸರು ಬೇಕಾಗುತ್ತದೆ, ಹೇಳಿಟ್ಟಿರುತ್ತೇನೆ.

ಬೀದರ್ ಅತ್ತಿ: ಪುಟ್ಟಿ, ನೀನೇ ಹೇಳವ್ವ.

ಪುಟ್ಟಿ: ಮುತ್ಯಾ, ಆ ಉರ್ದು ಕಾಗದ ಈಗ ಯಾರು ಓದಿ ಕೊಡುತ್ತಾರೆ?

ವಕೀಲ ಕಾಕಾ: ನೆಹರೂ ಗಂಜ್ ಕಡೆ ಒಬ್ಬ ಹಿರಿಯರಿದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಭೂತಗನ್ನಡಿ ಹಿಡಿದು ಓದುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಪುಟ್ಟಿ: ಅವರು ನನಗೆ ಕಲಿಸುತ್ತಾರಾ?

ಅಣ್ಣ: ಶುಕ್ರವಾರ ಫೀಸು ಕಟ್ಟಲು ಕೊನೇ ದಿನ. ಮೊದಲು ಅದು ಹೇಳು.