ನೀರಿಲ್ಲದ ಊರಿಗೆ ಡೆಂಗಿ ಹೇಗೆ ಬರುತ್ತದೆ?

ಪ್ರಶ್ನೆ (ಲಿಂಗಸುಗೂರು): ಮಳೆ ಕೈಕೊಟ್ಟು, ನಲ್ಲಿ ನೀರು ವಾರಕ್ಕೊಮ್ಮೆ ಬರುವ ನಮ್ಮ ಓಣಿಯಲ್ಲೇ ಡೆಂಗಿ ಹೆಚ್ಚಾಗಿದೆ. ಬರಕ್ಕೂ ಸೊಳ್ಳೆಯ ರೋಗಕ್ಕೂ ಏನು ಸಂಬಂಧವೆಂದು ಬಲ್ಲವರು ತಿಳಿಸಬೇಕು.

ಉತ್ತರ 1 (ರಾಯಚೂರು): ಸಂಬಂಧ ನಿಮ್ಮ ಬಚ್ಚಲಮನೆಯಲ್ಲೇ ಇದೆ, ಸರ್. ನೀರು ಯಾವಾಗ ಬರುವುದೋ ಖಾತ್ರಿಯಿಲ್ಲದಾಗ ಜನ ಡ್ರಮ್ಮು, ಸಿಮೆಂಟಿನ ತೊಟ್ಟಿಗಳಲ್ಲಿ ತುಂಬಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನ ಅಂಚಿನಲ್ಲೇ ಮೊಟ್ಟೆಯಿಡುತ್ತದೆ, ಆ ಮೊಟ್ಟೆಗಳು ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು.

ಉತ್ತರ 2 (ಸಿಂಧನೂರು): ಸೆಖೆಯ ಪಾತ್ರವೂ ಇದೆ, ಉಷ್ಣಾಂಶ ಏರಿದಂತೆ ಸೊಳ್ಳೆಯೊಳಗೆ ವೈರಸ್ ಬೇಗ ಬಲಿಯುತ್ತದೆ. ಸುಮಾರು 1,400 ಮೀಟರ್ ಎತ್ತರದ ಕಠ್ಮಂಡು ಕಣಿವೆಯಲ್ಲೂ 2022ರಲ್ಲಿ ಡೆಂಗಿ ವ್ಯಾಪಕವಾಗಿ ಹರಡಿತು. ಆದರೆ ನಮ್ಮ ಮೇ ತಿಂಗಳ ಕಡುಬಿಸಿಲು ಸೊಳ್ಳೆಯ ಆಯುಸ್ಸನ್ನೂ ಕುಗ್ಗಿಸುವುದರಿಂದ, ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು: ತೊಳೆಯಲಾಗದ ದೊಡ್ಡ ತೊಟ್ಟಿಗೆ?

ಉತ್ತರ 1: ಬಿಗಿಯಾದ ಮುಚ್ಚಳ, ಇಲ್ಲವೇ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನು.